ತಾಡಪತ್ರಿ ಮೈಲಾರೆಪ್ಪನ ಮನಿಗಾಡಿ

ಬ್ಯಾಡಗಿಯಲ್ಲಿ ಮೈಲಾರೆಪ್ಪ ಎಂದರೆ ಯಾವ ಮೈಲಾರೆಪ್ಪ ಎಂದು ಕೇಳುತ್ತಾರೆ. ತಾಡಪತ್ರಿ ಮೈಲಾರೆಪ್ಪ ಎಂದರೆ ಮಾತ್ರ ಚಹಾದ ಅಂಗಡಿಯವನೂ ಕೈ ಎತ್ತಿ ಮನೆ ತೋರಿಸುತ್ತಾನೆ. ಬದುಕಿನ ಮುಕ್ಕಾಲು ಪಾಲು ಅವನು ಲಾರಿ ಓಡಿಸಿದ. ಮೆಣಸಿನಕಾಯಿ ಚೀಲ ಹೇರಿಕೊಂಡು ಗೋವಾ, ಬೆಳಗಾವಿ, ಕೊಲ್ಲಾಪುರ ಎಂದು ಘಟ್ಟ ಹತ್ತಿದ, ಘಟ್ಟ ಇಳಿದ. ಎಂಥ ಮಳೆಯಲ್ಲಿ ಹೋದರೂ ಅವನ ಗಾಡಿಯಲ್ಲಿ ಒಂದು ಕಾಯಿ ತೋಯ್ದದ್ದನ್ನು ಯಾರೂ ಕಂಡಿಲ್ಲ. ಒಣಗಿಸಿದ ಕಾಯಿಗೆ ನೀರು ತಾಗಿದರೆ ಬಣ್ಣ ಕೆಡುತ್ತದೆ, ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆ ಕಸದ ಪಾಲಾಗುತ್ತದೆ. ಹಾಗಾಗಿ ಮೋಡದ ಒಂದು ತುಣುಕು ಕಂಡರೂ ಮೈಲಾರೆಪ್ಪ ಗಾಡಿ ಬದಿಗೆ ನಿಲ್ಲಿಸಿ, ಮೇಲೆ ಹತ್ತಿ, ತಾಡಪತ್ರಿ ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಜಗ್ಗಿ ಕಟ್ಟುತ್ತಿದ್ದ. ದಲಾಲರು ಅವನನ್ನು ಹೊಗಳಿದರು, ಉಳಿದ ಡ್ರೈವರುಗಳು ಮೂಗು ಮುರಿದರು, ಅವನು ಎರಡನ್ನೂ ಒಂದೇ ಸಮನಾಗಿ ಅನುಭವಿಸಿದ.

ಆ ಗುಣ ಲಾರಿಯ ಮಟ್ಟಿಗೆ ಒಳ್ಳೆಯದೇ. ಲಾರಿ ಬಿಟ್ಟ ಮೇಲೂ ಅದು ಅವನನ್ನು ಬಿಡಲಿಲ್ಲ ಎನ್ನುವುದೇ ಈ ಕತೆಯ ದುಃಖ.

ಅವನ ಹೆಂಡತಿ ಚೌಡವ್ವ. ಮಾರುಕಟ್ಟೆಯ ಹಿಂದಿನ ಗೋದಾಮುಗಳಲ್ಲಿ ತುಂಬು ಮುರಿಯುವ ಕೆಲಸ, ಅಂದರೆ ಕಾಯಿಯ ತೊಟ್ಟು ಕಿತ್ತು ಬೇರೆ ಹಾಕುವುದು. ಬೆಳಿಗ್ಗೆ ರಾಶಿಯ ಮುಂದೆ ಕೂತರೆ ಸಂಜೆಯವರೆಗೆ ಏಳುವ ಮಾತಿಲ್ಲ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಳ್ಳಬಹುದು, ಕಣ್ಣು ಕಟ್ಟಿಕೊಳ್ಳಲಾಗುತ್ತದೆಯೇ? ಅಲ್ಲಿ ಕೂತ ಹೆಂಗಸರೆಲ್ಲರ ಕಣ್ಣೂ ಕೆಂಪಗೆ, ಸದಾ ನೀರು. ಹಬ್ಬಕ್ಕೆ ಊರಿಗೆ ಹೋದರೆ ಯಾಕವ್ವಾ ಅಳ್ತಿ ಎಂದು ಕೇಳುತ್ತಾರೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ಚೌಡವ್ವನಿಗೆ ಮಾತ್ರ ಹಾಗೆ ಕೇಳುವವರೂ ಉಳಿದಿರಲಿಲ್ಲ. ಅವಳ ತವರು ಗುತ್ತಲದ ಆಚೆ, ಗಳಗನಾಥದ ಮಗ್ಗುಲಿನ ಒಂದು ಸಣ್ಣ ಹಳ್ಳಿ. ವರದಾ ಹೊಳೆ ಬಂದು ತುಂಗಭದ್ರೆಗೆ ಸೇರುವುದು ಅಲ್ಲೇ. ಅವ್ವ ಅಪ್ಪ ಬೇಗ ಹೋದರು. ಅಣ್ಣ ಪರಮೇಶಪ್ಪ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೌಕರಿ ಹಿಡಿದು ಅಲ್ಲಿಯವನೇ ಆದ, ಹಳ್ಳಿಯ ಮನೆ ಯಾರಿಗೋ ಕೊಟ್ಟುಬಿಟ್ಟ. ಪಂಚಮಿಗೆ ಕರೆಯಲು ಬರುವವರು ಇಲ್ಲದ ಹೆಣ್ಣುಮಗಳಿಗೆ ತವರು ಎಷ್ಟು ಹತ್ತಿರವಿದ್ದರೇನು? ಮದುವೆಯಾಗಿ ಬಂದವಳು ಮಳೆಗಾಲದಲ್ಲಿ ಆ ಕಡೆ ತಿರುಗಿ ಹೋಗಲೇ ಇಲ್ಲ.

ಅವಳಿಗೆ ನೋಡಬೇಕು ಎನಿಸಿದ್ದು ಮನೆಯನ್ನಲ್ಲ, ಜನರನ್ನೂ ಅಲ್ಲ. ಹೊಸನೀರು. ಮೊದಲ ದೊಡ್ಡ ಮಳೆಗೆ ಮಲೆನಾಡ ಕಡೆಯಿಂದ ತುಂಗಭದ್ರೆ ಕೆಂಪಗೆ ಬರುತ್ತದೆ, ವರದೆ ಎರೆಮಣ್ಣು ಕದಡಿಕೊಂಡು ಕರ್ರಗೆ ಬರುತ್ತದೆ. ಕೂಡಿದ ಮೇಲೂ ಎರಡು ನೀರು ಕೂಡಲೇ ಬೆರೆಯುವುದಿಲ್ಲ, ನಡುವೆ ಒಂದು ಗೆರೆ ಇಟ್ಟುಕೊಂಡು ಸ್ವಲ್ಪ ದೂರ ಜೋಡಿಯಾಗಿ ಹರಿಯುತ್ತವೆ. ಅವಳು ಸಣ್ಣವಳಿದ್ದಾಗ ಇಡೀ ಊರು ಗೋಣಿಯ ಕೊಪ್ಪೆ ಹೊದ್ದು ದಂಡೆಗೆ ಹೋಗಿ ಅದನ್ನು ನೋಡುತ್ತಿತ್ತು. ನಾಲ್ಕು ದಿನ ಕಳೆದರೆ ಎಲ್ಲ ಒಂದೇ ಬಣ್ಣ. ಗೋದಾಮಿನಲ್ಲಿ ಕೂತು ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೆಂದರೆ, ಪಕ್ಕದಲ್ಲಿ ಕೂರುವ ರಸೂಲಬಿ, ನಿನ್ನ ಹೊಳಿ ನಾನs ನೋಡಿ ಬಂದಂಗ ಆಗೇತಿ ಬಿಡ ಎನ್ನುತ್ತಿದ್ದಳು.

ಇವರ ತಲೆಗೆ ಮನಿಗಾಡಿಯ ಹುಚ್ಚು ಹತ್ತಿದ್ದು ಮೋಟೆಬೆನ್ನೂರಿನ ಹೈವೇ ಮೇಲೆ. ಯಾವ ಊರಿನವರೋ ಗಂಡ ಹೆಂಡತಿಯ, ಮನೆಯನ್ನೇ ಒಳಗಿಟ್ಟುಕೊಂಡ ಒಂದು ಮೋಟರ್‌ಹೋಮ್ ಟೈರು ಒಡೆದು ನಿಂತಿತ್ತು. ಹಾವೇರಿಯ ಮಗಳ ಮನೆಯಿಂದ ಹೆಂಡತಿಯ ಜೊತೆ ಬರುತ್ತಿದ್ದ ಮೈಲಾರೆಪ್ಪ ಸುಮ್ಮನೆ ದಾಟಿ ಹೋಗುವ ಪೈಕಿಯಲ್ಲ. ಅವನು ಜಾಕು ಹಚ್ಚಿ ಟೈರು ಬದಲಿಸುವಷ್ಟರಲ್ಲಿ ಆ ಹೆಣ್ಣುಮಗಳು ಚೌಡವ್ವನನ್ನು ಒಳಗೆ ಕರೆದು ಚಹಾ ಕೊಟ್ಟಿದ್ದಳು. ಒಳಗೇ ಒಲೆ, ಒಳಗೇ ಮಂಚ, ಮಂಚದ ಮಗ್ಗುಲಿಗೆ ದೊಡ್ಡ ಕಿಟಕಿ. ಇಳಿದು ಬಂದ ಚೌಡವ್ವ ದಾರಿಯುದ್ದಕ್ಕೂ ಆ ಕಿಟಕಿಯ ಮಾತನ್ನೇ ಆಡಿದಳು. ಮನೆ ಹತ್ತಿರ ಬಂದಾಗ ಹೇಳಿದಳು.

"ನಮಗೂ ಇಂಥಾದ್ದೊಂದು ಇದ್ದರ ಮಲಕೊಂಡs ಹೊಳಿ ನೋಡಬಹುದಿತ್ತು."

ಹೆಂಡತಿ ಏನನ್ನೂ ಬೇಡಿದವಳಲ್ಲ. ಬೇಡಿದ ಒಂದೇ ಒಂದನ್ನು ಮೈಲಾರೆಪ್ಪ ತಲೆಯ ಮೇಲೆ ಹೊತ್ತುಕೊಂಡ. ಯಾವುದೋ ಶಾಲೆಯವರು ಮೂಲೆಗೆ ನಿಲ್ಲಿಸಿದ್ದ ಹಳೆಯ ಮಿನಿ ಬಸ್ಸು ತಂದು ರಾಣೆಬೆನ್ನೂರಿನ ಫಿರೋಜ್‌ನ ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದ. ಫಿರೋಜ್ ಅವನ ಲಾರಿಯ ಹಲಗೆ, ಕೊಂಡಿ, ಸರಪಳಿ ಎಲ್ಲವನ್ನೂ ಕಟ್ಟಿಕೊಟ್ಟವನು, ಕೆಲಸದಲ್ಲಿ ಚೊಕ್ಕ, ಮಾತಿನಲ್ಲಿ ಚುರುಕು. ಇಬ್ಬರೂ ಸೇರಿ ಸೀಟು ಕಿತ್ತರು, ಮಂಚ ಕೂಡಿಸಿದರು, ಗ್ಯಾಸಿನ ಒಲೆಗೆ ಕಟ್ಟೆ ಮಾಡಿದರು, ನೀರಿನ ಡ್ರಮ್ಮು ಕಟ್ಟಿದರು. ಚೌಡವ್ವ ಹೇಳಿದ ಕಡೆ, ಅವಳು ಹೇಳಿದಷ್ಟು ದೊಡ್ಡ ಕಿಟಕಿ ಕೊರೆದರು. ಅಷ್ಟು ದೊಡ್ಡ ಗಾಜು ಕೂರಿಸಿದರೆ ಕುಲುಕಾಟಕ್ಕೆ ಒಡೆಯುತ್ತದೆ ಎಂದು ಫಿರೋಜ್ ಅಂದ. ಸರಿ, ಗಾಜು ಬೇಡ ಎಂದ ಮೈಲಾರೆಪ್ಪ, ಕಿಟಕಿಯ ಮೇಲೆ ತನ್ನ ಲಾರಿಯ ತಾಡಪತ್ರಿಯನ್ನೇ ಕತ್ತರಿಸಿ ಸುರುಳಿ ಸುತ್ತಿ ಕಟ್ಟಿಸಿದ. ಹಗ್ಗ ಬಿಟ್ಟರೆ ಒಂದೇ ಏಟಿಗೆ ಕೆಳಗೆ. ಒಂದು ಹನಿ ಒಳಗೆ ಬರುವ ಹಾಗಿಲ್ಲ. ಆ ಏರ್ಪಾಡನ್ನು ಅವನು ಬಂದವರಿಗೆಲ್ಲ ಬಿಟ್ಟು, ಎತ್ತಿ, ಮತ್ತೆ ಬಿಟ್ಟು ತೋರಿಸಿದ. ನೋಡಲಿಕ್ಕೆಂದು ಇಟ್ಟ ಕಿಟಕಿಗೆ ಮುಚ್ಚಲಿಕ್ಕೆಂದೇ ಇಷ್ಟು ಸಡಗರ ಯಾಕೆ ಎಂದು ಕೇಳುವಷ್ಟು ಬುದ್ಧಿ ಯಾರಿಗೂ ಇರಲಿಲ್ಲ. ಊರವರು ಅದಕ್ಕೆ ಮನಿಗಾಡಿ ಎಂದು ಹೆಸರಿಟ್ಟರು.

ಗಾಡಿ ಕಟ್ಟುವ ಆ ದಿನಗಳಲ್ಲೇ ಚೌಡವ್ವ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದ್ದಳು. ಪಕ್ಕಕ್ಕೆ ಇಟ್ಟ ತಂಬಿಗೆಗೆ ಕಾಲು ತಾಗಿಸಿ ಉರುಳಿಸುತ್ತಿದ್ದಳು. ಓಣಿಯಲ್ಲಿ ಮಗ್ಗುಲಿನಿಂದ ಬಂದ ಸೈಕಲ್ಲು ಮೈಮೇಲೆ ಬರುವವರೆಗೂ ಕಾಣಲಿಲ್ಲ ಎನ್ನುತ್ತಿದ್ದಳು. ಬೇರೆ ಊರಾಗಿದ್ದರೆ ಯಾರಾದರೂ ಡಾಕ್ಟರ ಹತ್ತಿರ ನಡಿ ಎನ್ನುತ್ತಿದ್ದರೋ ಏನೋ. ಬ್ಯಾಡಗಿಯಲ್ಲಿ ಕಣ್ಣಿನ ತಕರಾರಿಗೆ ಒಂದೇ ಹೆಸರು, ಖಾರದ ಘಾಟು. ಕಣ್ಣು ಮಂಜಾದರೂ ಘಾಟು, ಉರಿದರೂ ಘಾಟು. ಚೌಡವ್ವನೂ ಹಾಗೇ ಎಂದಳು, ಮೈಲಾರೆಪ್ಪನೂ ಹಾಗೇ ಎಂದ. ಗೋದಾಮಿನ ಕೆಲಸ ಬಿಟ್ಟಳು. ರಾತ್ರಿ ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡು ಮಲಗಿದಳು.

"ಇಷ್ಟು ವರ್ಷ ಕುಡಿದ ಘಾಟು, ಲಗೂ ಬಿಡತೈತೇನು? ಸಾವಕಾಶ ಇಳಿತೈತಿ," ಎಂದು ಅವನು ಸಮಾಧಾನ ಹೇಳಿದ. ಆ ಸಮಾಧಾನವನ್ನು ಈಗ ನೆನೆಸಿದರೆ ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನಿಸುತ್ತದೆ.

ಆ ವರ್ಷ ಜೂನ್ ಕೊನೆಗೆ ಗಾಡಿ ಹೊರಟಿತು. ಗಳಗನಾಥದಲ್ಲಿ ಹೊಸನೀರು ಬಂದಿದೆ ಎಂದು ಗುತ್ತಲದ ಸಂತೆಗೆ ಹೋಗಿ ಬಂದವರು ಹೇಳಿದ್ದರು. ಚೌಡವ್ವ ಹಿಂದಿನ ದಿನವೇ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಹೊಸ ಹಾಸಿಗೆಗೆ ಹೊಸ ಚಾದರ ಹಾಸಿದ್ದಳು. ಬ್ಯಾಡಗಿ ಬಿಡುವಾಗ ಬಿಸಿಲು ಎಷ್ಟು ಚೆನ್ನಾಗಿತ್ತೆಂದರೆ ಮೈಲಾರೆಪ್ಪ ಸೀಟಿ ಹೊಡೆಯುತ್ತ ಗಾಡಿ ಓಡಿಸಿದ. ಮೊದಲು ಕುಮಾರಪಟ್ಟಣಕ್ಕೆ ಹೋಗಿ ಪರಮೇಶಪ್ಪನ ಮನೆಯಲ್ಲಿ ಊಟ ಮಾಡಿದರು. ಅಲ್ಲೂ ಹೊಳೆ ಇದೆ, ನೋಡು ಎಂದ ಮೈಲಾರೆಪ್ಪ.

"ಇದು ಒಂದs ನೀರು. ನನಗ ಎರಡು ನೀರು ನೋಡಬೇಕಾಗೇತಿ," ಎಂದಳು ಚೌಡವ್ವ.

ರಾಣೆಬೆನ್ನೂರು ದಾಟಿ ಗುತ್ತಲದ ರಸ್ತೆ ಹಿಡಿದರು. ಆ ದಿನದ ಹವಾಮಾನ ಹಟ ಹಿಡಿದ ಕೂಸಿನ ಹಾಗಿತ್ತು. ಎರಡು ಹೊಲ ಬಿಸಿಲು, ಒಂದು ಹೊಲ ತುಂತುರು, ಮತ್ತೆ ಬಿಸಿಲು. ಗೋವಿನಜೋಳದ ಎಳೆ ಸಾಲಿನ ಮೇಲೆ ನೆರಳು ಓಡಿ ಬರುತ್ತಿತ್ತು, ಬಂದಷ್ಟೇ ಬೇಗ ಓಡಿ ಹೋಗುತ್ತಿತ್ತು. ಚೌಡವ್ವ ಮಂಚದ ಮೇಲೆ ಕಾಲು ಮಡಚಿ ಕೂತು, ಕಿಟಕಿಗೆ ಮುಖ ಕೊಟ್ಟು, ಕುತ್ತಿಗೆಯನ್ನು ಆ ಕಡೆ ಈ ಕಡೆ ಪೂರ್ತಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಸಂತೋಷಕ್ಕೆ ಹಾಗೆ ಮಾಡುತ್ತಾಳೆ ಎಂದು ಅವನು ಕನ್ನಡಿಯಲ್ಲಿ ನೋಡಿ ನಕ್ಕ.

ಮೊದಲ ಹನಿ ಬಿದ್ದಿತೋ ಇಲ್ಲವೋ, ಗಾಡಿ ಬದಿಗೆ ನಿಂತಿತು. ಮೈಲಾರೆಪ್ಪ ಹಿಂದೆ ಬಂದು ಹಗ್ಗ ಬಿಟ್ಟ. ಒಳಗೆ ಕತ್ತಲಾಯಿತು.

"ಯಾಕ ಬಿಟ್ರಿ? ನಾಕ ಹನಿ ಅದಾವು."

"ಇರಚಲು ಹೊಡಿತೈತಿ. ಹೊಸ ಹಾಸಿಗಿ ತೋಯ್ತೈತಿ."

"ತೋದರ ತೋಯಲಿ. ಒಣಗತೈತಿ."

"ನಿನಗೇನ ಗೊತ್ತಾಗತೈತಿ. ಹತ್ತಿ ಒಮ್ಮೆ ನೀರು ಕುಡೀತಂದ್ರ ಮುಗೀತು."

ಬಿಸಿಲು ಬಂದಾಗ ಎತ್ತಿದ. ಹನಿ ಬಿದ್ದಾಗ ಬಿಟ್ಟ. ಹೊನ್ನತ್ತಿ ಬರುವುದರೊಳಗೆ ಎಷ್ಟು ಸಲ ಹೀಗಾಯಿತೋ, ಚೌಡವ್ವ ಕೊನೆಗೆ ಬೇಡ ಅನ್ನುವುದನ್ನೇ ಬಿಟ್ಟಳು. ಕತ್ತಲಲ್ಲಿ ಕೂತು ತಗಡಿನ ಮೇಲೆ ಬೀಳುವ ಸದ್ದು ಕೇಳುತ್ತಿದ್ದಳು. ಅವನಿಗೆ ಅದೂ ಸಂತೋಷವೇ. ಬೆಚ್ಚಗೆ ಕೂತಿದ್ದಾಳೆ, ಒಣಗಿದ್ದಾಳೆ, ಇನ್ನೇನು ಬೇಕು? ಚೀಲ ಹೇರಿದಂತೆಯೇ ಹೆಂಡತಿಯನ್ನೂ ಜೋಪಾನವಾಗಿ ಒಯ್ಯುತ್ತಿದ್ದ. ಚೀಲಕ್ಕೆ ಕಣ್ಣಿರುವುದಿಲ್ಲ ಎನ್ನುವುದೊಂದು ಅವನಿಗೆ ಹೊಳೆಯಲಿಲ್ಲ.

ಗುತ್ತಲ ದಾಟಿ ಸ್ವಲ್ಪ ಮುಂದೆ ಹೋದಾಗ ಹೊಳೆಯ ದಿಕ್ಕಿಗೆ ಆಕಾಶ ಕಡುಗಪ್ಪು ಕಟ್ಟಿಕೊಂಡು ನಿಂತಿತ್ತು. ಮೈಲಾರೆಪ್ಪ ಇಳಿದು, ಸೊಂಟದ ಮೇಲೆ ಕೈ ಇಟ್ಟು ಮೇಲೆ ನೋಡಿದ. ಲಾರಿಯ ದಿನಗಳಲ್ಲಿ ಇಂಥ ಮೋಡ ಕಂಡಾಗ ಅವನು ಎರಡನೆಯ ವಿಚಾರ ಮಾಡಿದವನಲ್ಲ. ಹತ್ತಿರದ ಗೋದಾಮಿಗೆ ಗಾಡಿ ತಿರುಗಿಸಿಬಿಡುತ್ತಿದ್ದ.

"ಹೊಳ್ಳಿ ಹೋಗೂಣು," ಎಂದ.

ಚೌಡವ್ವ ಮಂಚದಿಂದ ಇಳಿದು ಬಾಗಿಲಿಗೆ ಬಂದಳು. "ಇನ್ನ ಎಷ್ಟರ ದೂರ ಐತಿ?"

"ದೂರೇನಿಲ್ಲ, ಹತ್ರನ ಐತಿ. ಆದ್ರ ಮುಂದ ಮಣ್ಣಿನ ದಾರಿ. ಗಾಡಿ ಹುಗಿತಂದ್ರ ಎಬ್ಬಸಾವ್ರು ಯಾರು?"

"ಹುಗದಲ್ಲೇ ಇರೂಣು. ಮನಿ ಅಂತ ಮಾಡೀರಲ್ಲ. ಒಲಿ ಐತಿ, ರೊಟ್ಟಿ ಅದಾವು."

"ಹುಚ್ಚಿ ಹಂಗ ಮಾಡಬ್ಯಾಡ. ಶ್ರಾವಣದಾಗ ಮಳಿ ಹೊಳವಾದ ಮ್ಯಾಲ ಬರೂಣು."

"ಆವಾಗ ಎರಡೂ ಕೂಡಿ ಒಂದs ಬಣ್ಣ ಆಗಿರತೈತಿ."

"ಹಂಗಾರ ಮುಂದಿನ ವರ್ಷ ಬರೂಣು ತಗೋ. ಹೊಳಿ ಎಲ್ಲಿ ಓಡಿ ಹೋಗತೈತಿ?"

"ಹೊಳಿ ಎಲ್ಲೂ ಹೋಗೂದಿಲ್ರಿ," ಎಂದಳು ಚೌಡವ್ವ. ಇನ್ನೇನೋ ಹೇಳುವವಳಂತೆ ಚೌಕಟ್ಟು ಹಿಡಿದು ನಿಂತಳು, ಆಮೇಲೆ ಒಳಗೆ ಹೋಗಿ ಮಂಚದ ಮೇಲೆ ಕೂತಳು. ಹೊಳೆ ಹೋಗದಿದ್ದರೆ ಹೋಗುವುದು ಏನು ಎಂದು ಅವನು ಕೇಳಲಿಲ್ಲ. ಅವನ ಲಕ್ಷ್ಯವೆಲ್ಲ ಗಾಡಿ ತಿರುಗಿಸುವ ಜಾಗ ಹುಡುಕುವುದರಲ್ಲಿತ್ತು.

ಆ ಮೋಡ ನಾಲ್ಕು ಹನಿಯನ್ನೂ ಹಾಕಲಿಲ್ಲ. ಹಾವೇರಿ ಸೇರುವಷ್ಟರಲ್ಲಿ ಸಂಜೆಬಿಸಿಲು ರಸ್ತೆ ತುಂಬ ಹಾಸಿತ್ತು. ಮಗಳು ಅರುಣಾಳ ಮನೆ ಅಲ್ಲಿಯೇ, ಬಸ್ ನಿಲ್ದಾಣದ ಹಿಂದೆ. ಅವಳು ಹೋದಿರೇನು, ನೋಡಿದಿರೇನು ಎಂದು ಕೇಳಿದಾಗ, ಮೈಲಾರೆಪ್ಪ ನಗುತ್ತ, ಒಂದು ಹನಿಗೂ ತೋಯದಂಗ ನಿಮ್ಮವ್ವನ್ನ ಕರಕೊಂಡು ಬಂದೇನಿ ಎಂದ. ಚೌಡವ್ವ ಚಹಾದ ಬಟ್ಟಲಿಗೆ ಕೈ ಚಾಚಿದಳು, ಕೈ ಬಟ್ಟಲಿನ ಪಕ್ಕಕ್ಕೆ ಹೋಯಿತು. ಅರುಣಾ ಅದನ್ನು ಕಂಡಳು. ಅವ್ವ ದಣಿದಿದ್ದಾಳೆ ಎಂದುಕೊಂಡಳು.

ದಸರೆಗೆ ತಾಯಿಯ ಮನೆಗೆ ಬಂದ ಅರುಣಾ, ಅವ್ವ ಒಲೆಯ ಮುಂದೆ ಕೈಯಿಂದ ತಡವಿ ತಡವಿ ಉಪ್ಪಿನ ಡಬ್ಬಿ ಹುಡುಕುವುದನ್ನು ನೋಡಿದಳು. ಯಾರನ್ನೂ ಕೇಳದೆ ಮರುದಿನವೇ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಮೈಲಾರೆಪ್ಪನೂ ಜೊತೆಗೆ ಹೋದ. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ. ಮೊದಲು ಅಂಚಿನ ನೋಟ ಹೋಗುತ್ತದೆ, ಆಮೇಲೆ ನಡುವಿನದು. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಔಷಧದಿಂದ ಎಷ್ಟು ಹಿಡಿದಿಡಬಹುದೋ ನೋಡೋಣ.

"ಯಾವಾಗಿಂದ ಹೀಗೆ?" ಎಂದು ಕೇಳಿದರು.

"ಮಗ್ಗಲಿಂದು ಕಾಣೂದು ಬಿಟ್ಟು ಭಾಳ ದಿನ ಆತ್ರಿ," ಎಂದಳು ಚೌಡವ್ವ. "ಖಾರದ ಘಾಟು ಅಂತ ತಿಳದಿದ್ವಿರಿ."

ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಮೈಲಾರೆಪ್ಪನಿಗೆ ಅನಿಸಿತು. ಹೊರಗಿನ ಬೆಂಚಿನ ಮೇಲೆ ಕೂತಾಗ ಅವನಿಗೆ ಗುತ್ತಲದ ರಸ್ತೆ ನೆನಪಾಯಿತು, ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಿದ್ದ ಅವಳು ನೆನಪಾದಳು. ಅದು ಸಂತೋಷವಲ್ಲ. ನಡುವೆ ಉಳಿದಿದ್ದ ಒಂದಿಷ್ಟು ನೋಟವನ್ನೇ ಅವಳು ಹೊಲದಿಂದ ಹೊಲಕ್ಕೆ ಹೊರಳಿಸುತ್ತಿದ್ದಳು, ಮತ್ತು ಆ ಒಂದಿಷ್ಟಕ್ಕೂ ತಾನು ತಾಡಪತ್ರಿ ಎಳೆದಿದ್ದ.

ಔಷಧ ಹಾಕಿದರು, ಹಾಕುತ್ತಲೇ ಇದ್ದರು. ಯುಗಾದಿಯ ಹೊತ್ತಿಗೆ ಬೆಳಕಿದೆ, ಬೆಳಕಿಲ್ಲ ಎನ್ನುವುದಷ್ಟೇ ಅವಳಿಗೆ ತಿಳಿಯುತ್ತಿತ್ತು. ಅವಳು ಅತ್ತದ್ದನ್ನು ಅವನು ಕಾಣಲಿಲ್ಲ. ಮನೆಯಲ್ಲಿ ಗೋಡೆ ಹಿಡಿದು ಓಡಾಡುವುದನ್ನು ಕಲಿತಳು, ರಸೂಲಬಿ ಬಂದರೆ ಮೊದಲಿನಂತೆಯೇ ನಕ್ಕು ಮಾತನಾಡಿದಳು. ಗಂಡನಿಗೆ ಒಂದು ಬಿರುಸು ಮಾತು ಆಡಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಬೇವಿನ ಗಿಡದ ಕೆಳಗೆ ನಿಂತ ಮನಿಗಾಡಿಯನ್ನು ಅವನು ಕಣ್ಣೆತ್ತಿ ನೋಡುವುದನ್ನೇ ಬಿಟ್ಟ.

ಮಳೆಗಾಲ ಮತ್ತೆ ಬಂತು. ಒಂದು ಸಂಜೆ, ಹೊಸನೀರು ಬಂದಿದೆ ಎಂಬ ಸುದ್ದಿಯನ್ನು ಯಾರೋ ಹೇಳಿ ಹೋದ ಮೇಲೆ, ಚೌಡವ್ವ ತಾನಾಗಿಯೇ ಕೇಳಿದಳು.

"ಗಾಡಿ ಚಾಲೂ ಆಗತೈತೇನ್ರಿ?"

"ಆಗತೈತಿ. ಯಾಕ?"

"ಹೋಗೂಣು. ನನಗ ಕಾಣದಿದ್ರ ನಿಮಗರ ಕಾಣತೈತಿ. ನೀವು ನೋಡಿ ಹೇಳ್ರಿ."

ಮೈಲಾರೆಪ್ಪ ಎದ್ದು ಹೊರಗೆ ಗಾಡಿಯ ಹತ್ತಿರ ಹೋದ. ಮರುದಿನ ಮುಂಜಾನೆ ಗಾಡಿಯನ್ನು ರಾಣೆಬೆನ್ನೂರಿಗೆ ಒಯ್ದು ಫಿರೋಜ್‌ನ ಮುಂದೆ ನಿಲ್ಲಿಸಿದ. ತಾಡಪತ್ರಿ ತೆಗೆ ಎಂದ.

"ಮಳಿಗಾಲದಾಗ ತಾಡಪತ್ರಿ ತೆಗಸ್ತೀರಿ? ನೀವು?" ಎಂದ ಫಿರೋಜ್. ಗೇಲಿ ಮಾಡಲು ಬಾಯಿ ತೆರೆದವನು ಅವನ ಮುಖ ನೋಡಿ ಕಟರ್ ಎತ್ತಿಕೊಂಡ. ಕೊಂಡಿಗಳನ್ನು ಕತ್ತರಿಸಿದ, ಹಗ್ಗ ಬಿಚ್ಚಿದ, ಸುರುಳಿಯನ್ನು ತಂದು ಅವನ ಕೈಗೆ ಕೊಟ್ಟ. ಮೈಲಾರೆಪ್ಪ ಅದನ್ನು ಅಂಗಡಿಯ ಮೂಲೆಗೆ ಎಸೆದು ಬಂದ.

ಈ ಸಲ ಬ್ಯಾಡಗಿ ಬಿಡುವಾಗಲೇ ಮಳೆ. ಸಣ್ಣದಾಗುತ್ತಿತ್ತು, ಜೋರಾಗುತ್ತಿತ್ತು, ನಡುವೆ ಒಮ್ಮೆ ಬಿಸಿಲು ಇಣುಕಿ ಮರೆಯಾಯಿತು. ಅವನು ಎಲ್ಲೂ ನಿಲ್ಲಿಸಲಿಲ್ಲ. ಗುತ್ತಲದ ಆಚೆ ಹಿಂದಿನ ವರ್ಷ ಗಾಡಿ ತಿರುಗಿಸಿದ್ದ ಜಾಗ ಬಂತು. ಅಲ್ಲಿಂದ ಹೊಳೆಯ ದಂಡೆ ಎಷ್ಟು ಹತ್ತಿರವಿತ್ತು ಎನ್ನುವುದು ಅವನಿಗೆ ಆ ದಿನ ಗೊತ್ತಾಯಿತು. ಮಣ್ಣಿನ ದಾರಿಯಲ್ಲಿ ಹಿಂದಿನ ಗಾಲಿ ಹುಗಿಯಿತು ಸಹ. ಹೊಲದಲ್ಲಿದ್ದ ಜನ ಕರೆಯುವ ಮೊದಲೇ ಓಡಿ ಬಂದು, ಕಲ್ಲು ಕೊಟ್ಟು, ಹೆಗಲು ಕೊಟ್ಟು ನೂಕಿದರು. ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಗಾಡಿ ಮೇಲೆ ಬಂದಿತ್ತು. ಇಷ್ಟಕ್ಕೆ ತಾನು ಹೆದರಿದ್ದೆ ಎಂದು ಅವನು ನಾಚಿದ.

ದಂಡೆಯ ಮೇಲೆ ಗಾಡಿಯನ್ನು ಅಡ್ಡ ನಿಲ್ಲಿಸಿ, ಕಿಟಕಿ ಹೊಳೆಗೆ ಮುಖ ಮಾಡುವಂತೆ ಸರಿಪಡಿಸಿ, ಹಿಂದೆ ಬಂದು ಹೆಂಡತಿಯ ಮಗ್ಗುಲಿಗೆ ಮಂಚದ ಮೇಲೆ ಕೂತ. ಗಾಳಿ ಮಳೆಯನ್ನು ಒಳಗೆ ಚೆಲ್ಲುತ್ತಿತ್ತು. ಚೌಡವ್ವ ಮುಖ ಒರೆಸಿಕೊಳ್ಳಲಿಲ್ಲ. ಮೂಗು ಅರಳಿಸಿ ಹೊಳೆಯ ವಾಸನೆ ತೆಗೆದುಕೊಂಡಳು.

"ಬಂದೈತೇನು?"

"ಬಂದೈತಿ. ದಂಡಿ ತುಂಬ ಐತಿ."

"ಹೇಳ್ರಿ ಮತ್ತ. ಹೆಂಗೈತಿ?"

ಮೈಲಾರೆಪ್ಪ ನೋಡಿದ. ಮೋಡವನ್ನು ಅವನಷ್ಟು ನೋಡಿದವರು ಇರಲಿಕ್ಕಿಲ್ಲ. ಆದರೆ ಮಳೆ ಬಿದ್ದ ಮೇಲೆ ನೆಲದ ಮೇಲೆ ಏನಾಗುತ್ತದೆ ಎಂದು ಅವನು ಒಮ್ಮೆಯೂ ನಿಂತು ನೋಡಿರಲಿಲ್ಲ. ಕೆಂಪಿದೆ ಎಂದ, ಆ ಕಡೆ ಕಪ್ಪಿದೆ ಎಂದ. ಎಂಥ ಕೆಂಪು ಎಂದು ಅವಳು ಕೇಳಿದಳು. ಅವನು ತಡವರಿಸಿದ, ತನಗೆ ಗೊತ್ತಿರುವುದನ್ನೇ ಹುಡುಕಿ ತೆಗೆದ.

"ತೋಯ್ದ ಡಬ್ಬಿ ಮೆಣಸಿನಕಾಯಿ ಇರತೈತಲ್ಲ, ಹಂಗ. ನೀರು ಕುಡದು ಉಬ್ಬಿದ ಕಾಯಿ ಬಣ್ಣ."

ಚೌಡವ್ವನಿಗೆ ನಗು ಬಂತು. "ತೋಯ್ದ ಕಾಯಿ ನೀವು ಎಲ್ಲಿ ನೋಡೀರಿ?"

ಅವನೂ ನಕ್ಕ. ಬಹಳ ದಿನಗಳ ಮೇಲೆ ಇಬ್ಬರೂ ಕೂಡಿ ನಕ್ಕರು. ಅವಳ ಕೈ ಹಿಡಿದು, ಬೆರಳನ್ನು ಕಿಟಕಿಯ ಒದ್ದೆ ಅಂಚಿನ ಮೇಲೆ ಇಟ್ಟು, ಇಲ್ಲಿಂದ ಒಂದು ಬರುತ್ತದೆ, ಇಲ್ಲಿಂದ ಇನ್ನೊಂದು, ಇಲ್ಲಿ ಕೂಡುತ್ತವೆ, ನಡುವೆ ಗೆರೆ ಹೀಗೆ ಹೋಗುತ್ತದೆ ಎಂದು ಎಳೆದು ತೋರಿಸಿದ. ಅವಳ ಬೆರಳು ಆ ಗೆರೆಯ ಮೇಲೆ ತಾನಾಗಿ ಇನ್ನೊಮ್ಮೆ ಹೋಗಿ ಬಂತು.

"ಹೋದ ವರ್ಷ ಕಾಣತಿತ್ತು ನನಗ," ಎಂದಳು.

ಸಿಟ್ಟಿನಿಂದ ಹೇಳಲಿಲ್ಲ. ಹವಾಮಾನ ಹೇಳಿದಂತೆ ಹೇಳಿದಳು.

"ನಡುವ ಸ್ವಲ್ಪ ಉಳದಿತ್ತು. ದಿನಾ ಸಣ್ಣದಾಗಾಕತ್ತಿತ್ತು. ಘಾಟು ಇಳಿತೈತಿ ಅಂತ ನೀವು ಹೇಳ್ತಿದ್ರಿ, ನನಗ ಒಳಗ ಅಂಜಿಕಿ ಇತ್ತು. ಅದಕ್ಕ ಲಗೂ ನೋಡಿ ಬಿಡೂಣು ಅಂದಿದ್ದೆ."

"ಅವತ್ತs ಹೇಳಬೇಕಿಲ್ಲೇನು, ಚೌಡಿ?"

"ಹೇಳಾಕ ಬಂದಿದ್ನಿ. ನೀವು ಮೋಡ ನೋಡಾಕತ್ತಿದ್ರಿ."

ಮೈಲಾರೆಪ್ಪನಿಗೆ ತಪ್ಪಾಯಿತು ಎನ್ನಬೇಕಿತ್ತು. ಅಂದ ಸಹ, ಆದರೆ ಮಳೆಯ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಅವಳು ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು. ಇನ್ನೊಂದು ಸಲ ಮೊದಲಿಂದ ಹೇಳಿ ಎಂದಳು. ಅವನು ಕಣ್ಣೊರೆಸಿಕೊಂಡು, ಹೊಳೆಯ ಮೇಲ್ಗಡೆಯಿಂದ, ಕೆಂಪು ನೀರಿನಿಂದ ಶುರು ಮಾಡಿದ. ಹೊಸ ಹಾಸಿಗೆ ಅಷ್ಟೊತ್ತಿಗೆ ಪೂರ್ತಿ ತೋಯ್ದಿತ್ತು, ಇಬ್ಬರೂ ಅದರ ಮೇಲೆಯೇ ಕೂತಿದ್ದರು.